ಸೊಸೆ ಫ್ರೆಂಚ್ ಕಲಿತದ್ದು

ನನ್ನ ಸೊಸೆ ಫ್ರೆಂಚ್ ಕಲಿಯುವುದು ನನಗೆ ಬೇಕಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರು ಕೊನೆವರೆಗೂ ನನ್ನಲ್ಲಿ ಒಳ್ಳೆಯದನ್ನು ಹುಡುಕುತ್ತಾ ಕೂರುವುದು ಬೇಡ.

ಅವಳು ಮಡಿಕೇರಿ ರಸ್ತೆಯ ರೆಸಾರ್ಟೊಂದರಲ್ಲಿ ರೂಮು ಗುಡಿಸಿ ಹಾಸಿಗೆ ಬಟ್ಟೆ ಬದಲಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಸಂಜೆ ಐದೂವರೆಯ ಬಸ್ಸಿಗೆ ಬರುವುದು. ಆ ವರ್ಷ ಅಲ್ಲಿಗೆ ಫ್ರಾನ್ಸಿನ ಜನ ತಂಡತಂಡವಾಗಿ ಬರತೊಡಗಿದರು. ಅವರ ಇಂಗ್ಲಿಷು ನಮ್ಮವರಿಗೆ ತಿಳಿಯದು, ನಮ್ಮವರದು ಅವರಿಗೆ ತಿಳಿಯದು. ಮ್ಯಾನೇಜರು ಕೆಲಸದವರನ್ನೆಲ್ಲ ಒಂದು ಕಡೆ ನಿಲ್ಲಿಸಿ, ಮೈಸೂರಿನಿಂದ ವಾರಕ್ಕೆರಡು ಸಲ ಟೀಚರ್ ಬರುತ್ತಾರೆ, ಮೂರು ತಿಂಗಳಾದ ಮೇಲೆ ಅವರೇ ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಾರೆ, ತಡವರಿಸದೆ ಮಾತಾಡಿದವರಿಗೆ ಮುಂದಿನ ಕೌಂಟರಿನ ಕೆಲಸ ಎಂದರಂತೆ. ಕೌಂಟರಿನವರಿಗೆ ರೆಸಾರ್ಟಿನ ಹಿಂದೆಯೇ ಕ್ವಾರ್ಟರ್ಸು.

ಇಷ್ಟನ್ನೂ ಅವಳು ಒಲೆ ಮುಂದೆ ಕೂತು ಹೇಳಿದಳು. ನನ್ನ ಕಿವಿಗೆ ಬಿದ್ದದ್ದು ಕ್ವಾರ್ಟರ್ಸು ಎಂಬ ಒಂದೇ ಮಾತು.

ಮನೆಯಲ್ಲಿ ಇದ್ದದ್ದು ನಾವು ಮೂವರು. ಮೂರನೆಯವನು ನನ್ನ ಮಗ, ಮಲಗಿದ್ದ. ಹದಿನೈದು ವರ್ಷ ಕುಡಿದ. ಹದಿನೈದು ವರ್ಷವೂ ನಾಳೆಯಿಂದ ಬಿಡ್ತೀನಿ ಎಂದ. ಕೊನೆಗೆ ಹೊಟ್ಟೆ ಬಸುರಿಯ ಹಾಗೆ ಊದಿತು, ಕಾಲು ಊದಿತು, ಕಣ್ಣು ಅರಿಶಿನವಾಯಿತು. ಮಡಿಕೇರಿಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇಟ್ಟುಕೊಂಡರು. ಮನೆಗೆ ಕಳಿಸುವ ದಿನ ಸೊಸೆ ಕೆಲಸಕ್ಕೆ ಹೋಗಿದ್ದಳು. ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು.

"ಅಮ್ಮಾ, ಲಿವರ್ ಪೂರ್ತಿ ಹೋಗಿದೆ. ಇನ್ನು ಎರಡು ತಿಂಗಳು, ಹೆಚ್ಚಂದ್ರೆ ಮೂರು. ಮನೇಲೇ ನೋಡ್ಕೊಳ್ಳಿ. ಹೆಂಡ್ತಿಗೂ ವಿಷಯ ತಿಳಿಸಿ."

ತಿಳಿಸುತ್ತೇನೆ ಎಂದೆ. ತಿಳಿಸಲಿಲ್ಲ. ಅವರು ಕೊಟ್ಟ ಕಾಗದವನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟೆ. ಸೊಸೆಗೆ, ಪಥ್ಯ ಮಾಡಿದರೆ ವರ್ಷದೊಳಗೆ ಎದ್ದು ಓಡಾಡುತ್ತಾನಂತೆ ಎಂದೆ. ಗಂಡ ಉಳಿಯುವುದಿಲ್ಲ ಎಂದು ತಿಳಿದರೆ ಇವಳು ಈಗಿನಿಂದಲೇ ತನ್ನ ದಾರಿ ನೋಡಿಕೊಳ್ಳುತ್ತಾಳೆ ಎಂಬ ಭಯ ನನಗೆ. ಮಕ್ಕಳಿಲ್ಲ, ಕಟ್ಟಿಹಾಕಲು ಹಗ್ಗವೇ ಇಲ್ಲ. ಅವಳಿಗೆ ಮಕ್ಕಳಿಲ್ಲದ್ದನ್ನು ಒಂಬತ್ತು ವರ್ಷ ಬಂದವರ ಮುಂದೆಲ್ಲ ಆಡಿಕೊಂಡವಳು ನಾನೇ.

ಒಂದು ಬೆಳಿಗ್ಗೆ ಅಕ್ಕಿ ರೊಟ್ಟಿ ತಟ್ಟುತ್ತಾ ಉಪ್ಪಿನ ಜಾಡಿಗೆ ನೋಟ್‌ಬುಕ್ ಒರಗಿಸಿಕೊಂಡು ಗುನುಗುತ್ತಿದ್ದಳು.

"ಏನೇ ಅದು, ಮಂತ್ರನಾ?"

"ಫ್ರೆಂಚು ಕಣತ್ತೆ. ಇನ್ನೇನು ಮಾಡೋಕೆ ಹೊರಟಿದೀವಲ್ಲ, ಅದನ್ನ ಹೇಳೋ ರೀತಿ."

"ಮಾಡ್ತೀನಿ ಅಂದ್ರೆ ಮುಗೀತಪ್ಪ. ಅದುಕ್ಕೂ ಒಂದ್ ರೀತಿ ಬೇಕಾ?"

"ಅವರಲ್ಲಿ ಹೋಗೋದು ಅನ್ನೋ ಮಾತು ಮುಂದೆ ಬರುತ್ತೆ. ಜೆ ವೆ ಮಾಂಜೆ. ನಾನು ಹೋಗ್ತೀನಿ ತಿನ್ನೋಕೆ. ಅಂದ್ರೆ, ಈಗ ತಿಂತೀನಿ ಅಂತ."

"ತಟ್ಟೆ ಮುಂದ್ಗಡೆ ಐತೆ. ಎಲ್ಲಿಗೆ ಹೋದೀಯ ತಿನ್ನಕ್ಕೆ, ಸಿದ್ದಾಪುರಕ್ಕಾ?"

ಅವಳು ನಕ್ಕಳು. ನಾನು ನಗಿಸಲು ಹೇಳಿದ್ದಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬಸ್ಸಿನ ಬೋರ್ಡು ಓದುತ್ತೇನೆ, ಒತ್ತಕ್ಷರ ಬಂದರೆ ನಿಲ್ಲುತ್ತೇನೆ. ಆದರೂ ಅದು ನನಗೆ ಅರ್ಥವಾಯಿತು, ಅಷ್ಟು ಸಲೀಸಾಗಿತ್ತು. ಹೋಗುವುದು ಎಂಬ ಮಾತಿಗೆ ಆರು ರೂಪ ಬಾಯಿಪಾಠ ಮಾಡಬೇಕು. ನಾನಾದರೆ ಜೆ ವೆ, ನೀನಾದರೆ ತ್ಯು ವಾ, ಅವನಾದರೆ ಇಲ್ ವಾ, ಅವಳಾದರೆ ಎಲ್ ವಾ. ನಾವಾದರೆ ನೂಜಾಲೊಂ, ನೀವಾದರೆ ವೂಜಾಲೆ, ಅವರಾದರೆ ಇಲ್ ವೊಂ. ಅವನು ಅವಳು ಒಂದೇ ಲೆಕ್ಕ, ಅದಕ್ಕೇ ಆರು. ಅದರ ಪಕ್ಕದಲ್ಲಿ ಯಾವ ಕೆಲಸವೋ ಆ ಕೆಲಸದ ಮಾತನ್ನು ಹೇಗಿದೆಯೋ ಹಾಗೆ ಇಡುವುದು. ಮಾಂಜೆ ಎಂದರೆ ತಿನ್ನುವುದು, ದೊರ್ಮೀರ್ ಎಂದರೆ ಮಲಗುವುದು. ಯಾರು ತಿಂದರೂ ಮಾಂಜೆ ಮಾಂಜೆಯೇ, ಅದು ಬದಲಾಗುವುದಿಲ್ಲ. ಬದಲಾಗುವುದು ಹೋಗುವುದೊಂದೇ. ಮಾಡುವುದಿಲ್ಲ ಎನ್ನಬೇಕಾದರೂ ಆ ಹೋಗುವ ಮಾತಿನ ಆಚೆಗೊಂದು ಈಚೆಗೊಂದು ತುಂಡು ಸೇರಿಸಬೇಕು: ಜೆ ನ ವೆ ಪಾ ದೊರ್ಮೀರ್, ನಾನು ಮಲಗುವುದಿಲ್ಲ.

ನಮ್ಮಲ್ಲಿ ಹೀಗಿಲ್ಲ. ದಿನಾ ಮಾಡುವುದಕ್ಕೂ ಮಾಡ್ತೀನಿ, ನಾಳೆ ಮಾಡುವುದಕ್ಕೂ ಮಾಡ್ತೀನಿ, ಜನ್ಮದಲ್ಲಿ ಮಾಡದೆ ಇರುವುದಕ್ಕೂ ಮಾಡ್ತೀನಿ. ನನ್ನ ಮಗನ ಬಿಡ್ತೀನಿ ಹದಿನೈದು ವರ್ಷ ನಡೆದದ್ದು ಹಾಗೆ. ಫ್ರಾನ್ಸಿನವರ ಈ ಮಾತನ್ನು ಹಾಗೆಲ್ಲ ಎಳೆಯಲು ಬರುವುದಿಲ್ಲವಂತೆ. ಮೋಡ ಕಟ್ಟಿದ್ದು ಕಣ್ಣಿಗೆ ಕಂಡಾಗ ಮಳೆ ಬರುತ್ತೆ ಎನ್ನುವುದು. ಮಗು ಬೆಂಚಿನ ತುದಿಗೆ ಬಂದಾಗ ಬೀಳ್ತೀಯ ಎನ್ನುವುದು. ಬ್ಯಾಗು ಕಟ್ಟಿಟ್ಟಾಗ ಹೊರಡ್ತೀವಿ ಎನ್ನುವುದು. ಆಗಬೇಕಾದ್ದು ಆಗಲೇ ಹೊರಟು ದಾರಿಯಲ್ಲಿರಬೇಕು ಎಂದು ಟೀಚರ್ ಹೇಳಿದ್ದರು. ಹಾಗೆ ನೋಡಿದರೆ ಆ ಮನೆಯಲ್ಲಿ ಆ ಮಾತನ್ನು ಸರಿಯಾಗಿ ಆಡಬಲ್ಲವಳು ನಾನೊಬ್ಬಳೇ. ಏನು ಹೊರಟು ದಾರಿಯಲ್ಲಿದೆ ಎಂಬುದು ಗೊತ್ತಿದ್ದದ್ದು ನನಗೆ ಮಾತ್ರ.

ಅವಳು ಸಂಜೆ ಬಂದು ಗಂಡನ ಕಾಲು ಒತ್ತುತ್ತಾ ಪಾಠ ಒಪ್ಪಿಸತೊಡಗಿದಳು. ಅವನಿಗೆ ಅದು ಹಿಡಿಸಿತು. ನೋಟ್‌ಬುಕ್ ಎದೆ ಮೇಲಿಟ್ಟುಕೊಂಡು, ಇಂಗ್ಲಿಷ್ ಅಕ್ಷರ ನೋಡಿಕೊಂಡು ತಪ್ಪು ಹಿಡಿಯುತ್ತಿದ್ದ.

"ಏಯ್ ಮೇಡಂ, ಕುಡಿಯೋದು ಅನ್ನಕ್ಕೆ ಏನು?"

"ಬ್ವಾರ್."

"ಜೆ ವೆ ಬ್ವಾರ್. ಸರಿಯಾ?"

"ಸರಿ. ಜೆ ನ ವೆ ಪಾ ಬ್ವಾರ್ ಅನ್ನಿ ನೋಡೋಣ."

"ಅಷ್ಟುದ್ದ ನಂಗ್ ಬರಲ್ಲ ಕಣೆ. ಚಿಕ್ಕದ್ ಬಂತಲ್ಲ, ಸಾಕು."

ಇಬ್ಬರೂ ನಕ್ಕರು. ಒಂಬತ್ತು ವರ್ಷದಲ್ಲಿ ಅವರಿಬ್ಬರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವನು ಕುಡಿದು ಬರುವುದು, ಅವಳು ಅನ್ನ ಇಟ್ಟು ಗೋಡೆ ಕಡೆ ತಿರುಗುವುದು, ಇಷ್ಟೇ ಸಂಸಾರ. ಸಾಯಲು ಮಲಗಿದವನು ಹೆಂಡತಿ ಜೊತೆ ಮಾತು ಕಲಿಯುತ್ತಿದ್ದ. ಗಂಜಿ ತಂದು ನಿಂತರೆ ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಹೆತ್ತವಳು ಬಾಗಿಲಲ್ಲಿ ಕಂಬದ ಹಾಗೆ.

ನಮ್ಮ ಕಡೆ ಮನೆಯಿಂದ ಹೊರಡುವವರು ಹೋಗ್ತೀನಿ ಎನ್ನುವುದಿಲ್ಲ, ಬತ್ತೀನಿ ಎನ್ನುತ್ತಾರೆ. ಮಕ್ಕಳು ಬಾಯಿ ತಪ್ಪಿ ಅಂದರೆ ತಲೆ ಮೇಲೆ ಮೊಟಕಿ ತಿದ್ದುತ್ತೇವೆ. ಕಾಯಿಲೆ ಮಲಗಿದ ಮನೆಯಲ್ಲಂತೂ ಆ ಮಾತನ್ನು ನಾಲಿಗೆ ಹತ್ತಿರ ತರುವುದಿಲ್ಲ. ಬಸ್ಸು ಹೋಯಿತು ಎನ್ನುವುದಕ್ಕೂ ಹಿಂದೆ ಮುಂದೆ ನೋಡುತ್ತೇವೆ. ಇದನ್ನು ನಾನು ನಂಬುತ್ತಿದ್ದೆನೇ? ಇಲ್ಲ. ನನ್ನ ಗಂಡ ದಿನಾ ಬತ್ತೀನಿ ಎಂದೇ ಹೊರಡುತ್ತಿದ್ದ, ಒಂದು ದಿನ ಲಾರಿ ಕೆಳಗೆ ಹೋದ. ಆದರೆ ಕೈಗೆ ಸಿಕ್ಕ ಕೋಲು ನಂಬಿಕೆಯದೋ ಸೌದೆಯದೋ ಎಂದು ಹೊಡೆಯುವವರು ನೋಡುವುದಿಲ್ಲ.

ಒಂದು ಸಂಜೆ ಅವಳು ಇಲ್ ವಾ, ಇಲ್ ವಾ ಎನ್ನುವಾಗ ಗಂಜಿ ಲೋಟವನ್ನು ನೆಲಕ್ಕೆ ಕುಕ್ಕಿದೆ.

"ಇಲ್ ವಾ ಅಂದ್ರೆ ಏನು?"

"ಅವನು ಹೋಗ್ತಾನೆ ಅಂತ ಅತ್ತೆ."

"ಯಾವನು?"

"ಯಾವನೂ ಅಲ್ಲ. ಪಾಠದಲ್ಲಿರೋದು."

"ಈ ಮನೇಲಿ ಅವನು ಅನ್ನಕ್ಕೆ ಒಬ್ನೇ ಇರದು, ಇಲ್ಲಿ ಮಲ್ಗವ್ನೆ. ಅವನ ತಲೆ ಮೇಲೆ ಕೂತ್ಕೊಂಡು ಹೋಯ್ತಾನೆ ಹೋಯ್ತಾನೆ ಅಂತೀಯ? ನಾಲ್ಗೆಗೆ ಬೆಂಕಿ ಹಾಕ."

ಮಗ "ಬುಡವ್ವ, ಮಾತಿಗೆಲ್ಲ ಹೋಗಿದ್ರೆ ನಾನ್ ಯಾವಾಗ್ಲೋ ಹೋಗ್ಬೇಕಿತ್ತು" ಎಂದ. ಅವಳು ನೋಟ್‌ಬುಕ್ ಮುಚ್ಚಿದಳು. ನಾನು ಬೇಕೆಂದು ಆಡಿದ್ದನ್ನು ಅವಳು ಮನಸ್ಸಿಗೆ ತೆಗೆದುಕೊಂಡಳು. ಹಳ್ಳಿಯಲ್ಲಿ ಹುಟ್ಟಿದವಳು, ತಲೆ ಮೇಲೆ ಮೊಟಕಿಸಿಕೊಂಡು ಬೆಳೆದವಳೇ.

ಆಮೇಲೆ ಅವಳು ಮನೆಯೊಳಗೆ ಪಾಠ ಹೇಳಲಿಲ್ಲ. ಕಾಫಿ ಒಣಗಿಸುವ ಕಾಲ. ರಜೆಯ ದಿನ ಕಣದಲ್ಲಿ ಹಲಗೆ ಎಳೆದು ಹಣ್ಣು ಮಗುಚುತ್ತಾ ಅಲ್ಲೇ ಹೇಳಿಕೊಳ್ಳುತ್ತಿದ್ದಳು. ಹಲಗೆ ಆ ತುದಿಗೆ ಹೋಗುವಾಗ ಜೆ ವೆ, ಈ ತುದಿಗೆ ಬರುವಾಗ ತ್ಯು ವಾ. ಮೂರನೆಯದನ್ನು ಮಾತ್ರ ದನಿ ತಗ್ಗಿಸಿ ತುಟಿಯಲ್ಲೇ ಹೇಳಿ ದಾಟುತ್ತಿದ್ದಳು. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಆ ತುಟಿ ನೋಡಿ ನನಗೆ ಸಮಾಧಾನವಾಗುತ್ತಿತ್ತು.

ಅಷ್ಟಕ್ಕೆ ಬಿಡಲಿಲ್ಲ. ಪಕ್ಕದ ಮನೆಯವಳು ಮಜ್ಜಿಗೆ ಇಸಿದುಕೊಳ್ಳಲು ಬಂದಾಗ ಅವಳ ಕಿವಿಗೂ ಹಾಕಿದೆ.

"ಏನಕ್ಕಾ ನಿನ್ ಸೊಸೆ ಕಣದಲ್ಲಿ ಒಬ್ಳೇ ಮಾತಾಡ್ಕತಾಳೆ?"

"ಗಂಡ ಹೋಯ್ತಾನೆ ಅಂತ ಹೇಳಕ್ಕೆ ಕಲೀತಾವ್ಳೆ. ದಿನಕ್ ನೂರ್ ಸಲ ಹೇಳ್ಬೇಕಂತೆ."

"ಅಯ್ಯೋ ಶಿವನೇ!"

ಪಕ್ಕದ ಮನೆಯವಳ ಕಿವಿಗೆ ಬಿದ್ದದ್ದು ನಲ್ಲಿ ಹತ್ತಿರ ಹೋಯಿತು, ಹಾಲಿನ ಡೈರಿ ಹತ್ತಿರ ಹೋಯಿತು. ಅಲ್ಲಿಂದ ಎಲ್ಲ ಮನೆಗೂ ಹೋಯಿತು.

ಡಾಕ್ಟರು ಹೇಳಿದ್ದಕ್ಕಿಂತ ಒಂದು ವಾರ ಹೆಚ್ಚೇ ಬದುಕಿದ. ಸತ್ತದ್ದು ಮಟಮಟ ಮಧ್ಯಾಹ್ನ. ಸೊಸೆ ಕೆಲಸದಲ್ಲಿದ್ದಳು. ಬೆಳಿಗ್ಗೆಯಿಂದ ರಕ್ತ ಕಾರಿದ್ದ.

"ಅವಳೆಲ್ಲಿ?" ಎಂದ.

"ಕ್ವಾರ್ಟರ್ಸ್ ನೋಡಕ್ಕೆ ಹೋಗವ್ಳೆ" ಎಂದೆ. ಅದು ಸುಳ್ಳು.

ಅವನು ಸೂರು ನೋಡಿದ. "ಹೋಗ್ಲಿ ಬುಡು" ಎಂದ. ಆಮೇಲೆ ಮಾತಾಡಲಿಲ್ಲ. ಅವಳಿಗೆ ಫೋನ್ ಮಾಡಿಸಬಹುದಿತ್ತು. ಮಾಡಿಸಿದ್ದು ಉಸಿರು ನಿಂತ ಮೇಲೆ.

ಕೂರಿಸಿ, ವಿಭೂತಿ ಹಚ್ಚಿ, ಮಾರನೆಯ ದಿನ ತೋಟದ ಅಂಚಿನಲ್ಲಿ ಸಮಾಧಿ ಮಾಡಿದರು. ಮೂರ್ನಾಡಿಗೆ ಕೊಟ್ಟಿದ್ದ ಮಗಳು ಬಂದಳು. ಊರ ಹೆಂಗಸರೆಲ್ಲ ಜಗಲಿಯಲ್ಲಿ ಕೂತರು. ಸೊಸೆ ಕಂಬಕ್ಕೆ ಒರಗಿದ್ದಳು, ಅವಳ ಕೈಯನ್ನು ಪಕ್ಕದ ಮನೆಯವಳು ಹಿಡಿದುಕೊಂಡಿದ್ದಳು. ಯಾರೋ "ಎದ್ ಓಡಾಡ್ತಾನೆ ಅಂದಿದ್ರಲ್ಲವ್ವ, ಇದ್ದಕ್ಕಿದ್ದಂಗೆ ಹಿಂಗೆ?" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಟ್ರಂಕಿನ ಕಾಗದ ಕಣ್ಣ ಮುಂದೆ ಬಂತು. ಬಾಯಿ ಬೇರೆ ಕಡೆ ಹೊರಳಿತು.

"ಏಳ್ತಿದ್ದ. ಡಾಕ್ಟ್ರೇ ಹೇಳಿದ್ರು. ಮೂರ್ ತಿಂಗ್ಳು ಕಿವಿ ಹತ್ರ ಕೂತ್ಕಂಡು ಹೋಯ್ತಾನೆ ಹೋಯ್ತಾನೆ ಅಂತ ಜಪ ಮಾಡಿದ್ಲು. ಹೋದ."

ಪಕ್ಕದ ಮನೆಯವಳು ಹಿಡಿದಿದ್ದ ಕೈಯನ್ನು ಬಿಟ್ಟು, ಸೆರಗಿನಲ್ಲಿ ತನ್ನ ಕೈ ಒರೆಸಿಕೊಂಡಳು. ಮಗಳು ಸರಿದು ಕೂತಳು. ಸೊಸೆ ನನ್ನನ್ನು ನೋಡಿದಳು. ಅಳುತ್ತಿದ್ದವಳು ಅಳುವುದನ್ನು ನಿಲ್ಲಿಸಿದಳು. ಅದು ಹೊಡೆತ ತಾಗಿದ ಲಕ್ಷಣ ಎಂದು ನನಗೆ ಗೊತ್ತಾಯಿತು.

ಟೀಚರ್ ಮಾತಾಡಿಸುವ ದಿನ ಒಂಬತ್ತನೆಯ ದಿನಕ್ಕೆ ಬಿತ್ತು. ಹನ್ನೊಂದರ ಕಾರ್ಯ ಮುಗಿಯುವವರೆಗೂ ಹೊಸಿಲು ದಾಟಬಾರದು ಎಂದೆ. ಸೊಸೆ ಕಾರ್ಯದ ಮಾತಿಗೆಂದು ಬಂದಿದ್ದ ಅಯ್ಯನವರ ಕಾಲಿಗೆ ಬಿದ್ದು ಕೇಳಿಯೇಬಿಟ್ಟಳು.

"ನಮ್ಮಲ್ಲಿ ಸೂತಕ ಎಲ್ಲೈತಮ್ಮ?" ಎಂದರು ಅಯ್ಯನವರು. "ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ. ಕೆಲಸಕ್ಕೆ ತಾನೇ ಹೋಗೋದು, ಹೋಗಿ ಬಾ."

ಒಂಬತ್ತನೆಯ ದಿನ ಅವಳು ಹಳೇ ಕಾಟನ್ ಸೀರೆ ಉಟ್ಟು ಹಣೆಗೆ ವಿಭೂತಿ ಇಟ್ಟುಕೊಂಡು ಬಾಗಿಲಿಗೆ ಬಂದಳು. "ಬತ್ತೀನಿ ಅತ್ತೆ" ಎಂದಳು. ಅಷ್ಟಾದ ಮೇಲೂ ಹೇಳಿದಳು.

"ಹೋಗವ್ವ" ಎಂದೆ. "ಇನ್ ಯಾರ್ನ ಕಳುಸ್ಬೇಕು ಅಂತಿದ್ದೀಯೋ, ಹೋಗಿ ಚೆನ್ನಾಗಿ ಹೇಳು."

ಆ ಮಾತನ್ನು ನಾನು ಹಿಂದಿನ ದಿನವೇ ಮಾಡಿಟ್ಟುಕೊಂಡಿದ್ದೆ.

ಅಲ್ಲಿ ನಡೆದದ್ದನ್ನು ಅವಳೇ ಸಂಜೆ ಹೇಳಿದಳು, ನಾನು ಕೇಳದೆಯೇ. ಮೊದಲು ಎಲ್ಲ ಸರಿಹೋಯಿತಂತೆ. ಹೆಸರು, ಊರು, ರೂಮಿನ ಬೀಗ, ಬಿಸಿನೀರು. ಆಮೇಲೆ ಟೀಚರ್, ನಾನೊಬ್ಬಳು ಗೆಸ್ಟ್, ನನ್ನ ಗಂಡ ಎಲ್ಲಿ, ಅವರು ಈಗ ಏನು ಮಾಡುತ್ತಾರೆ, ಹೇಳು ಎಂದರಂತೆ. ಆಟದ ಪ್ರಶ್ನೆ. ಅವನು ಈಜುತ್ತಾನೆ, ಅವನು ಕಾಫಿ ಕುಡಿಯುತ್ತಾನೆ, ಏನು ಹೇಳಿದರೂ ನಡೆಯುತ್ತಿತ್ತು. ಇವಳು ಇಲ್ ಎಂದಳಂತೆ. ಮುಂದಿನದು ಬರಲಿಲ್ಲ. ಇನ್ನೊಂದು ಸಲ ಇಲ್ ಎಂದಳಂತೆ. ಟೀಚರ್ ನೀರು ಕುಡಿಸಿ, ಪರವಾಗಿಲ್ಲ, ಇನ್ನೂ ಸ್ವಲ್ಪ ಕಲಿಯಬೇಕು ಎಂದು ಬರೆದುಕೊಂಡರಂತೆ. ಕೌಂಟರು ಅಡಿಗೆ ಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಇನ್ನೊಬ್ಬಳಿಗೆ ಹೋಯಿತು.

"ಮಾತು ಗಂಟಲಿಗೆ ಬಂತು ಅತ್ತೆ. ಹೇಳಿದ್ರೆ ಇನ್ನೊಂದ್ಸಲ ಸಾಯ್ತಾರೇನೋ ಅನ್ನಿಸ್ತು."

"ಸತ್ತೋರು ಎಷ್ಟ್ ಸಲ ಸತ್ತಾರು? ಹೋಗು, ರಾಗಿ ಕಲ್ಲು ಆರಿಸು" ಎಂದೆ. ಆ ದಿನ ನಾನು ಎರಡು ಮುದ್ದೆ ಉಂಡೆ.

ಮುಂಗಾರು ಹಿಡಿಯುವ ಹೊತ್ತಿಗೆ ರೇಷನ್ ಕಾರ್ಡಿನಲ್ಲಿ ಮಗನ ಹೆಸರು ತೆಗೆಸಲು ಅವನ ಆಧಾರ್ ಬೇಕಾಯಿತು. ನಾನು ತೋಟಕ್ಕೆ ಹೋಗಿದ್ದೆ. ಬಂದಾಗ ಅವಳು ಟ್ರಂಕಿನ ಮುಂದೆ ಕೂತಿದ್ದಳು, ಸೀರೆಗಳೆಲ್ಲ ನೆಲದ ಮೇಲಿದ್ದವು. ಕೈಯಲ್ಲಿ ಆಸ್ಪತ್ರೆಯ ಕಾಗದ. ಅದರಲ್ಲಿ ಇಂಗ್ಲಿಷಿನಲ್ಲಿ ಎಲ್ಲ ಬರೆದಿತ್ತಂತೆ, ಉಳಿಯುವುದಿಲ್ಲ, ಮನೆಯವರಿಗೆ ತಿಳಿಸಿದೆ ಎಂಬುದೂ ಸೇರಿ. ಕೆಳಗೆ ನನ್ನ ಸೊಟ್ಟ ಸಹಿ.

"ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು."

"ಮತ್ತೆ ನನ್ ಮೇಲೆ ಯಾಕ್ ಹಾಕಿದ್ರಿ?"

"ಯಾರ್ ಮೇಲಾದ್ರೂ ಹಾಕ್ಬೇಕಿತ್ತಲ್ಲ."

ಅವಳು ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಲಿಲ್ಲ. ಸೀರೆಗಳನ್ನು ಒಂದೊಂದಾಗಿ ಮಡಿಸಿ ಟ್ರಂಕಿಗೆ ಹಾಕಿದಳು. ಕಾಗದವನ್ನು ಮಡಿಸಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

"ಇದನ್ನ ನಾನು ಯಾರಿಗೂ ತೋರ್ಸಲ್ಲ. ಮಳೆಗಾಲ ಕಳೆದ್ಮೇಲೆ ಕೌಂಟರಿಗೆ ಇನ್ನೊಬ್ರು ಬೇಕಂತೆ, ಟೀಚರ್ ಮತ್ತೆ ಬರ್ತಾರೆ. ಅಲ್ಲೀವರ್ಗೂ ದಿನಾ ಸಂಜೆ ನೀವು ನಂಗೆ ಪಾಠ ಒಪ್ಪಿಸ್ಕೋಬೇಕು."

"ನಂಗೇನ್ ಬಂದಾತು?"

"ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರ್ಕೊಡ್ತೀನಿ. ನೀವು ಪ್ರಶ್ನೆ ಓದ್ಬೇಕು, ನಾನು ಉತ್ತರ ಹೇಳ್ತೀನಿ. ತಪ್ಪಿದ್ರೆ ಹಿಡೀಬೇಕು. ಹಿಡಿಯೋದ್ರಲ್ಲಿ ನೀವು ಹುಷಾರಿದೀರಲ್ಲ."

ಹೀಗೆ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಸ್ಕೂಲಿಗೆ ಸೇರಿದೆ. ಹೊರಗೆ ಮಳೆ, ಒಳಗೆ ನಾನು ಕನ್ನಡಕ ಹಾಕಿಕೊಂಡು ಕೆಸ್ ಕ ವೂಜಾಲೆ ಫೇರ್ ಎಂದು ಓದುವುದು. ನೀವು ಏನು ಮಾಡುತ್ತೀರಿ ಎಂದು ಅದರ ಅರ್ಥ. ನಾನು ತಪ್ಪು ಓದಿದರೆ ಅವಳು ಉತ್ತರ ಹೇಳುವುದಿಲ್ಲ, ಸರಿಯಾಗಿ ಓದುವವರೆಗೂ ಸುಮ್ಮನೆ ಕೂರುತ್ತಾಳೆ. ಅನ್ನದ ಪಾತ್ರೆ ಒಲೆಯ ಮೇಲೆ, ಪಾಠ ಮುಗಿಯದೆ ಇಳಿಸುವುದಿಲ್ಲ. ಹಸಿವು ಕಲಿಸಿದಷ್ಟು ಬೇಗ ಯಾವ ಮೇಷ್ಟರೂ ಕಲಿಸುವುದಿಲ್ಲ. ಒಂದು ತಿಂಗಳಲ್ಲಿ ಆರೂ ರೂಪ ನನ್ನ ಬಾಯಿಗೆ ಬಂದವು, ಮೂವತ್ತು ನಲವತ್ತು ಕೆಲಸದ ಮಾತುಗಳೂ ಬಂದವು.

ಮೂರನೆಯ ರೂಪವನ್ನು ಅವಳು ಬೇಕೆಂದೇ ಹೆಚ್ಚು ಹೇಳಿಸಿದಳು. ಅಲ್ಲೇ ತಾನೇ ಅವಳು ನಿಂತದ್ದು. ಇಲ್ ವಾ ಎಂದು ಇಪ್ಪತ್ತು ವಾಕ್ಯ ಬರೆದುಕೊಟ್ಟಳು. ಅವನು ತಿನ್ನುತ್ತಾನೆ, ಅವನು ಮಲಗುತ್ತಾನೆ, ಅವನು ನಗುತ್ತಾನೆ. ನಾನು ಓದಬೇಕು, ಅವಳು ತಿರುಗಿ ಹೇಳಬೇಕು. ಮೊದಮೊದಲು ಅವಳ ದನಿ ನಡುಗುತ್ತಿತ್ತು. ಆಮೇಲೆ ನಡುಗಿದ್ದು ನನ್ನ ದನಿ. ಇಪ್ಪತ್ತೊಂದನೆಯದು ಎಲ್ ವಾ ಮೂರೀರ್ ಎಂದಿತ್ತು.

"ಇದೇನು?"

"ಅವಳು ಸಾಯ್ತಾಳೆ ಅಂತ. ಓದಿ."

"ಎಲ್ ವಾ ಮೂರೀರ್."

"ಕೊನೇದು ಗಂಟ್ಲಲ್ಲಿ ಬರ್ಬೇಕು. ಇನ್ನೊಂದ್ಸಲ."

ಹತ್ತು ಸಲ ಹೇಳಿಸಿದಳು. ಪ್ರತಿ ಸಲವೂ ನನ್ನ ಮುಖವನ್ನೇ ನೋಡುತ್ತಿದ್ದಳು, ಹಣ್ಣು ಕಪ್ಪಾಯಿತೇ ಇಲ್ಲವೇ ಎಂದು ಕಣದಲ್ಲಿ ನೋಡುವ ಹಾಗೆ. ಹತ್ತನೆಯದಕ್ಕೆ "ಈಗ ಸರಿಹೋಯ್ತು. ನೋಡಿ, ಏನೂ ಆಗ್ಲಿಲ್ಲ" ಎಂದು ಅನ್ನ ಇಳಿಸಿದಳು.

ಟೀಚರ್ ಬರುವ ಹಿಂದಿನ ಸಂಜೆ ನೋಟ್‌ಬುಕ್ಕಿನಲ್ಲಿ ಒಂದೇ ಪ್ರಶ್ನೆ ಬರೆದಿದ್ದಳು. ನಾಳೆಯಿಂದ ನೀವು ಏನು ಮಾಡುತ್ತೀರಿ? ನಾನು ಓದಿದೆ. ಅವಳು ಕೈಕಟ್ಟಿಕೊಂಡು ಕೌಂಟರಿನಲ್ಲಿ ನಿಂತವಳ ಹಾಗೆ ನಿಂತು ಹೇಳತೊಡಗಿದಳು. ನಾಳೆ ನಾನು ಐದಕ್ಕೆ ಏಳುತ್ತೇನೆ. ನಾನು ಟೀಚರ್ ಹತ್ತಿರ ಮಾತಾಡುತ್ತೇನೆ. ನಾನು ನಿಲ್ಲುವುದಿಲ್ಲ. ಸೋಮವಾರ ನಾನು ಕ್ವಾರ್ಟರ್ಸಿನ ಬೀಗದ ಕೈ ತೆಗೆದುಕೊಳ್ಳುತ್ತೇನೆ. ತೋಟ ಪಕ್ಕದವರಿಗೆ ಗುತ್ತಿಗೆ ಕೊಡುತ್ತೇವೆ. ಇಲ್ಲಿವರೆಗೂ ಪಾಠವೆಂದೇ ಕೇಳುತ್ತಿದ್ದೆ. ಮುಂದಿನದು ವೂಜಾಲೆ ಎಂದು ಶುರುವಾಯಿತು. ನೀವು. ಮರ್ಯಾದೆ ಕೊಟ್ಟೇ ಹೇಳಿದಳು. ವೂಜಾಲೆ ಆಬಿತೆ ಶೆ ವೋತ್ರ್ ಫೀಯ್. ಒಂದೊಂದು ತುಂಡೂ ನನಗೆ ಗೊತ್ತಿತ್ತು, ನಾನೇ ಬಾಯಿಪಾಠ ಮಾಡಿದ್ದು. ನೀವು ನಿಮ್ಮ ಮಗಳ ಮನೆಯಲ್ಲಿ ಇರುತ್ತೀರಿ. ನೀವು ಅಲ್ಲಿ ತಿನ್ನುತ್ತೀರಿ. ನೀವು ಅಲ್ಲಿ ಮಲಗುತ್ತೀರಿ. ನೀವು ತಿರುಗಿ ಬರುವುದಿಲ್ಲ.

"ಮೂರ್ನಾಡಿಗೆ ಫೋನ್ ಮಾಡ್ದಾ?" ಎಂದೆ.

"ಭಾನುವಾರವೇ ಮಾಡ್ದೆ. ಹಿಂದ್ಗಡೆ ಸ್ಟೋರ್ ರೂಮ್ ಖಾಲಿ ಮಾಡ್ತಾರಂತೆ." ಆಮೇಲೆ "ತಪ್ಪಿತ್ತಾ ಅತ್ತೆ?" ಎಂದಳು.

ನಾನು ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ನೋಡಿದೆ.

"ನಡುವೆ ಒಂದ್ ಕಡೆ ನಿಧಾನ ಆಯ್ತು" ಎಂದೆ.

ಅವಳು ತಲೆಯಾಡಿಸಿ ಮತ್ತೆ ಮೊದಲಿನಿಂದ ಹೇಳಿದಳು. ಈ ಸಲ ಎಲ್ಲೂ ನಿಧಾನವಾಗಲಿಲ್ಲ.

ಕೌಂಟರು ಅವಳಿಗೆ ಸಿಕ್ಕಿತು. ಮುಂದಿನ ವಾರ ನನ್ನನ್ನು ಕರೆದೊಯ್ಯಲು ಆಟೋ ಬಂತು. ಪಕ್ಕದ ಮನೆಯವಳು ಬೇಲಿ ಹತ್ತಿರ ಇನ್ನಿಬ್ಬರನ್ನು ಕಟ್ಟಿಕೊಂಡು ನಿಂತಿದ್ದಳು. ಸೊಸೆ ನನ್ನ ಟ್ರಂಕನ್ನು ಹೊತ್ತು ತಂದು ಸೀಟಿನ ಹಿಂದೆ ತುರುಕುತ್ತಿದ್ದಳು.

"ಗಂಡನ್ನ ಮಾತಲ್ಲೇ ಕಳಿಸಿದ್ಲು, ಈಗ ಅತ್ತೇನ ಆಟೋದಲ್ಲಿ ಕಳಿಸ್ತಾವ್ಳೆ" ಎಂದಳು ಪಕ್ಕದ ಮನೆಯವಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ಸೊಸೆಯ ಕೈ ಟ್ರಂಕಿನ ಮೇಲೇ ನಿಂತಿತು. ಕಾಗದ ಅವಳ ಬ್ಯಾಗಿನಲ್ಲೇ ಇತ್ತು. ಯಾರಿಗೂ ತೋರಿಸುವುದಿಲ್ಲ ಎಂದಿದ್ದಳು, ತೆಗೆಯಲಿಲ್ಲ. ನನ್ನ ಮುಖ ನೋಡಿದಳು. ಒಂಬತ್ತು ವರ್ಷದಲ್ಲಿ, ಅದರ ಮೇಲಿನ ಈ ಒಂದು ವರ್ಷದಲ್ಲಿ, ಅವಳು ನನ್ನನ್ನು ಏನನ್ನಾದರೂ ಕೇಳಿದ್ದರೆ ಆಗ ಕೇಳಿದಳು, ಅದೂ ಬಾಯಿ ಬಿಡದೆ. ಹಂಗಲ್ಲ ಕಣವ್ವ, ಡಾಕ್ಟ್ರು ನಂಗೆ ಮೊದ್ಲೇ ಹೇಳಿದ್ರು ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು. ಬೇಲಿ ಹತ್ತು ಮಾರು ದೂರದಲ್ಲಿತ್ತು. ಗಟ್ಟಿಯಾಗಿ ಹೇಳುವುದೂ ಬೇಕಿರಲಿಲ್ಲ.

ನಾನು ಸೆರಗು ಹೊದ್ದು ಆಟೋ ಹತ್ತಿದೆ.

"ಟ್ರಂಕು ಅಲ್ಲಾಡ್ತೈತೆ, ಹಗ್ಗ ಬಿಗಿ" ಎಂದೆ.

ಅವಳು ಬಿಗಿದಳು.